ಇಸ್ಪೀಟ್ ಆಡುತ್ತಿದ್ದವರನ್ನು ಬಿಡಬೇಡ

ಪ್ರಿಯ ಗೆಳೆಯಾ,

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಪಾದ್ರಿಯಾಗಿದ್ದ ಡೇವಿಡ್ ರೈಲ್ಟನ್ ಬಗ್ಗೆ ನೀನು ಬರೆದದ್ದನ್ನು ಎರಡು ಸಲ ಓದಿದೆ. ಹುಟ್ಟಿದ ಇಸವಿ, ಅಪ್ಪ ಯಾರು, ಮಿಲಿಟರಿ ಕ್ರಾಸ್ ಪದಕ ಸಿಕ್ಕಿದ್ದು, ಹೀಗೇ ಎರಡು ಪುಟ ಕಳೆದಿದ್ದೀಯ. ಅದನ್ನೆಲ್ಲ ತೆಗೆದುಬಿಡು. ನಿನ್ನ ಕಥೆ ಶುರುವಾಗುವುದು 1916ರಲ್ಲಿ, ಫ್ರಾನ್ಸಿನ ಅರ್ಮೆಂತಿಯೇರ್ ಹತ್ತಿರದ ಒಂದು ಮನೆಯ ಕೈತೋಟದಲ್ಲಿ.

ಅವತ್ತು ಒಬ್ಬ ಸೈನಿಕನನ್ನು ಮಣ್ಣು ಮಾಡಿ ರೈಲ್ಟನ್ ಬಿಡಾರಕ್ಕೆ ಮರಳಿದಾಗ ಮುಸ್ಸಂಜೆ. ತೋಟದಲ್ಲಿ ಒಂದು ಗೋರಿ, ಬಿಳಿ ಮರದ ಒರಟು ಶಿಲುಬೆ, ಅದರ ಮೇಲೆ ಪೆನ್ಸಿಲ್ಲಿನಲ್ಲಿ ಬರೆದದ್ದು: ಒಬ್ಬ ಅಪರಿಚಿತ ಬ್ರಿಟಿಷ್ ಸೈನಿಕ. ಕೆಳಗೆ ಬ್ಲ್ಯಾಕ್ ವಾಚ್ ಅಂತ ಪಲ್ಟಣದ ಹೆಸರು. ನೀನು ಇಲ್ಲಿ ‘ಕಣ್ಣೀರ ಕೋಡಿ ಹರಿಯಿತು’ ಅಂದಿದ್ದೀಯ. ಅವರೇ ಆಮೇಲೆ ನೆನೆಸಿಕೊಂಡು ಬರೆದದ್ದೇನು ಗೊತ್ತಾ? ಹತ್ತಿರ ಯಾರೂ ಇರಲಿಲ್ಲ, ಬಿಡಾರದಲ್ಲಿ ಕೆಲವು ಅಧಿಕಾರಿಗಳು ಇಸ್ಪೀಟ್ ಆಡುತ್ತಿದ್ದರು. ಅಷ್ಟೇ! ಕಣ್ಣಾರೆ ಕಂಡವನಿಗೆ ಮಾತ್ರ ಹೊಳೆಯುವ ಮಾತು ಅದು, ನಿನ್ನ ಕರಡಿನಲ್ಲಿ ಅದೇ ಇಲ್ಲ.

ಅಂದಹಾಗೆ, ‘ಸೇನಾ ಧರ್ಮೋಪದೇಶಕ’ ಅಂತ ಯಾಕೆ ಬರೆಯುತ್ತೀಯ ಮಾರಾಯ? ಆ ಸಿಪಾಯಿಗಳು ಅವರನ್ನು ಕರೆಯುತ್ತಿದ್ದದ್ದು ಪಾದ್ರೆ ಅಂತ. ಪೋರ್ಚುಗೀಸರಿಂದ ನಮಗೆ ಬಂದ ಪಾದ್ರಿಯೂ ಅದೇ ಪದ, ಸುಮ್ನೆ ಪಾದ್ರಿ ಅನ್ನು.

ಆ ಗೋರಿ ನಾಲ್ಕು ವರ್ಷ ಅವರನ್ನು ಬಿಡಲಿಲ್ಲ. ಯುದ್ಧ ಮುಗಿದು ಮಾರ್ಗೇಟ್ ಊರಿನ ಚರ್ಚಿನಲ್ಲಿದ್ದಾಗ, 1920ರ ಆಗಸ್ಟಿನಲ್ಲಿ, ಲಂಡನ್ನಿನಲ್ಲಿ ರಾಜರ ಗೋರಿಗಳಿರುವ ಚರ್ಚಾದ ವೆಸ್ಟ್‌ಮಿನ್‌ಸ್ಟರ್ ಅಬೆಯ ಮುಖ್ಯ ಪಾದ್ರಿ, ಡೀನ್ ಹರ್ಬರ್ಟ್ ರೈಲ್ ಅವರಿಗೆ ಕಾಗದ ಬರೆದರು: ಗುರುತು ಸಿಗದ ಒಬ್ಬನನ್ನು ತಂದು ರಾಜರ ಪಕ್ಕದಲ್ಲಿ ಮಲಗಿಸಿ. ನವೆಂಬರ್ 11ಕ್ಕೆ ಅದು ನಡೆದೇಹೋಯಿತು. ಮೆರವಣಿಗೆಯನ್ನು ನೀನು ಚೆನ್ನಾಗಿಯೇ ಬರೆದಿದ್ದೀಯ, ಸ್ವಲ್ಪ ಜಾಸ್ತಿಯೇ. ಆದರೆ ಶವಪೆಟ್ಟಿಗೆಯ ಮೇಲೆ ಹೊದಿಸಿದ ಬಾವುಟಕ್ಕೆ ಒಂದೇ ಸಾಲು ಕೊಟ್ಟಿದ್ದೀಯ, ಅದು ನನಗೆ ಬೇಜಾರು. ಅದು ರೈಲ್ಟನ್ನರದ್ದೇ ಬಾವುಟ, ರಣರಂಗದಲ್ಲಿ ಪೂಜೆಯ ಮೇಜಿಗೆ ಹಾಸುತ್ತಿದ್ದದ್ದು, ಸತ್ತ ಹುಡುಗರ ಮೇಲೆ ಹೊದಿಸುತ್ತಿದ್ದದ್ದು. ಈಗಲೂ ಅಬೆಯಲ್ಲಿ ತೂಗುತ್ತಿದೆ.

ಸತ್ತವನು ಯಾರಿರಬಹುದು ಅಂತ ಊಹಿಸಿ ಬರೆದ ಪ್ಯಾರಾ ಬೇಡವೇ ಬೇಡ. ಯಾರೆಂದು ಗೊತ್ತಿಲ್ಲದ್ದಕ್ಕೇ ಅಲ್ವಾ ಅಷ್ಟೊಂದು ತಾಯಂದಿರು ‘ನನ್ನ ಮಗನೇ ಇರಬಹುದು’ ಅಂದುಕೊಳ್ಳಲು ಆದದ್ದು? ಅಲ್ಲಿ ನೀನು ಬಾಯಿ ಹಾಕಬೇಡ.

ಇನ್ನೊಂದು. ಡೀನ್ ಒಂದು ಪದಕ್ಕೆ ಮಾತ್ರ ಒಪ್ಪಲಿಲ್ಲ. ರೈಲ್ಟನ್ ಕೇಳಿದ್ದು ‘ಜೊತೆಗಾರ’ ಅಂತ, ಗೋರಿಯ ಕಲ್ಲಿನ ಮೇಲೆ ಬಂದದ್ದು ‘ಯೋಧ’. ನಿನ್ನ ಬರಹದಲ್ಲಿ ‘ಹುತಾತ್ಮ’ ಹನ್ನೊಂದು ಸಲ ಇದೆ, ಎಣಿಸಿದೆ. ‘ಜೊತೆಗಾರ’ ಒಂದು ಸಲವೂ ಇಲ್ಲ. ತಿದ್ದಿ ಕಳಿಸು.