ನನ್ನ ತಟ್ಟೆ ಬೇರೆ

ಲೋ ಡೆಪ್ಯುಟಿ,

ಫೋನ್ ಮಾಡಬಹುದಿತ್ತು. ಮಾಡಿದ್ರೆ ನೀನು ಮೊದಲು ಬಾಳೆಗೊನೆ ವಿಷಯ ತೆಗೀತೀಯ, ನಾನು ನಗ್ತೀನಿ, ಹೇಳಬೇಕಾದ್ದು ಅಲ್ಲಿಗೇ ಮುಗಿಯುತ್ತೆ. ಅದಕ್ಕೇ ಬರೀತಿದ್ದೀನಿ, ಅದೂ ನಾಲ್ಕು ಜನ ಓದೋ ಜಾಗದಲ್ಲಿ. ಇವರ ಮುಂದೆ ನೀನು ನನಗೆ ಬಯ್ಯಲ್ಲ ಅನ್ನೋ ಧೈರ್ಯ.

ಮೊದಲು ಆರೋಗ್ಯ ಸಮಾಚಾರ. ರಕ್ತ ಕಮ್ಮಿ ಅಂತ ಕಬ್ಬಿಣದ ಮಾತ್ರೆ, ಹೊಟ್ಟೆ ಉಬ್ಬರಕ್ಕೆ ಗ್ಯಾಸ್ ಮಾತ್ರೆ, ಹೀಗೇ ಎರಡು ವರ್ಷ ನುಂಗಿದ ಮೇಲೆ ಎಂಡೋಸ್ಕೋಪಿಯಲ್ಲಿ ಕರುಳಿನ ಚೂರು ತೆಗೆದು ನೋಡಿ ಸೀಲಿಯಾಕ್ ಅಂದಿದ್ದು ನಿನಗೆ ಗೊತ್ತು. ಗೋಧಿ, ಬಾರ್ಲಿ, ರೈ ಒಳಗಿರೋ ಗ್ಲುಟೆನ್ ಅನ್ನೋ ಪ್ರೋಟೀನ್ ಹೊಟ್ಟೆಗೆ ಹೋದ್ರೆ ನನ್ನ ಮೈ ನನ್ನ ಸಣ್ಣ ಕರುಳಿನ ಮೇಲೇ ಜಗಳಕ್ಕೆ ಬೀಳುತ್ತೆ. ತಿಂದದ್ದರ ಸತ್ವ ಹೀರೋಕೆ ಕರುಳಿನ ಒಳಗೋಡೆ ಟರ್ಕಿ ಟವೆಲ್ಲಿನ ಹಾಗೆ ಎಳೆ ಎಳೆಯಾಗಿರಬೇಕಂತೆ. ನಂದು ಸವೆದ ಪಂಚೆ ಆಗಿತ್ತು. ಗೋಧಿ ಬಿಡೋದೇ ಔಷಧಿ, ಜೀವ ಇರೋವರೆಗೆ.

‘ರಾಗಿ ತಿನ್ನೋ ಸೀಮೆಯಲ್ಲಿ ಹುಟ್ಟಿದೋನಿಗೆ ಇದೂ ಒಂದು ಕಾಯಿಲೇನಾ’ ಅಂತ ನೀನು ನಕ್ಕಿದ್ದೆ. ನಾನೂ ಹಾಗೇ ಅಂದ್ಕೊಂಡಿದ್ದೆ. ಮುದ್ದೆ, ಅಕ್ಕಿ ರೊಟ್ಟಿ, ಜೋಳದ ರೊಟ್ಟಿ, ಇಡ್ಲಿ ಇರೋ ನಾಡಲ್ಲಿ ಇದೇನು ಕಷ್ಟ. ಚಪಾತಿ ಬಿಟ್ಟೆ, ಉಪ್ಪಿಟ್ಟು ಬಿಟ್ಟೆ (ಅದು ನಷ್ಟವಲ್ಲ), ಒಬ್ಬಟ್ಟು ಬಿಟ್ಟೆ (ಅದು ನಷ್ಟ). ಆರು ತಿಂಗಳಾದ ಮೇಲೆ ಟೆಸ್ಟಿಗೆ ರಕ್ತ ಕೊಟ್ಟು ಬಂದ್ರೆ, ಮೈಯೊಳಗಿನ ಈ ಜಗಳ ಅಳೆಯೋ ಆಂಟಿಬಾಡಿ ಅಂಕಿ ಇಳಿದೇ ಇಲ್ಲ. ಡಾಕ್ಟರು ನನ್ನನ್ನ ಕದ್ದು ಪರೋಟ ತಿನ್ನೋನ ಥರ ನೋಡಿದ್ರು.

ಕಳ್ಳ ಸಿಕ್ಕಿದ್ದು ಸಾರಿನಲ್ಲಿ. ಇಂಗು ಕಣೋ! ಅಂಗಡಿಯಲ್ಲಿ ಸಿಗೋ ಪುಡಿ ಇಂಗಿನಲ್ಲಿ ಇಂಗು ಅನ್ನೋದು ಸ್ವಲ್ಪ. ಉಳಿದಿದ್ದು ಗೋಂದು, ಹಿಟ್ಟು. ಎಷ್ಟೋ ಡಬ್ಬಿಗಳಲ್ಲಿ ಆ ಹಿಟ್ಟು ಗೋಧಿದೋ ಮೈದಾನೋ ಆಗಿರುತ್ತೆ. ಅಮ್ಮ ಕನ್ನಡಕ ಹಾಕ್ಕೊಂಡು ಡಬ್ಬಿಯ ಬೆನ್ನ ಮೇಲಿನ ಇರುವೆ ಸಾಲಿನಂಥ ಅಕ್ಷರ ಓದಿದಳು. ‘ದಿನಾ ನಾನೇ ಹಾಕ್ತಿದ್ನಲ್ಲೋ’ ಅಂದಳು. ಆಮೇಲೆ ಒಂದು ವಾರ ನಮ್ಮನೇಲಿ ಒಗ್ಗರಣೆಗೆ ಸಾಸಿವೆ ಬಿಟ್ರೆ ಏನೂ ಬೀಳಲಿಲ್ಲ.

ಅವತ್ತಿಂದ ಅಡುಗೆಮನೆಯಲ್ಲಿ ನನ್ನ ಆಡಳಿತ. ಗಿರಣಿಗೆ ರಾಗಿ ಕೊಡೋದು ನಿಂತಿತು. ನಮಗಿಂತ ಮುಂಚೆ ಬಂದೋರು ಗೋಧಿ ಬೀಸಿಸಿಕೊಂಡು ಹೋಗಿರ್ತಾರೆ. ಹಿಟ್ಟು ಬೀಳೋ ಬಾಯಿಗೆ ಬಟ್ಟೆ ಚೀಲ ಕಟ್ಟಿರ್ತಾರಲ್ಲ, ಗಿರಣಿಯವರು ಅದನ್ನ ಎರಡು ಸಲ ತಟ್ಟಿ ‘ಕ್ಲೀನ್ ಸಾರ್’ ಅಂತಾರೆ. ಹಾಗೆ ತಟ್ಟಿದಾಗ ಏಳೋ ಧೂಳೇ ನನಗೆ ಯಮ. ‘ಗ್ಲುಟೆನ್ ರಹಿತ’ ಅಂತ ಬರ್ಕೊಳ್ಳೋಕೆ ಕಿಲೋಗೆ 20 ಮಿಲಿಗ್ರಾಂ ದಾಟೋ ಹಾಗಿಲ್ಲ. ನನ್ನಂಥ ಬಹಳಷ್ಟು ಜನರ ಮೈ ಇಡೀ ದಿನಕ್ಕೆ 10 ಮಿಲಿಗ್ರಾಂವರೆಗೆ ತಡ್ಕೊಳ್ಳುತ್ತೆ ಅಂತಾರೆ. ಹಿಟ್ಟಿನ ಲೆಕ್ಕದಲ್ಲಿ ಅರ್ಧ ಚಿಟಿಕೆ ಅಷ್ಟೇ. ಇದು ಕ್ರಿಮಿ ಅಲ್ಲ, ಕುದಿಸಿದ್ರೆ ಸಾಯೋಕೆ. ಉಜ್ಜಿ ತೊಳೆದ್ರೆ ಮಾತ್ರ ಹೋಗುತ್ತೆ, ತೊಳೆಯೋಕಾಗದ ವಸ್ತುವಿನಿಂದ ಹೋಗೋದೇ ಇಲ್ಲ. ಜರಡಿಯ ಕಣ್ಣು, ಲಟ್ಟಣಿಗೆಯ ಬಿರುಕು, ಮರದ ಸೌಟು, ಎಲ್ಲಾ ಅನುಮಾನ. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯೋ ಹಾಗಿಲ್ಲ. ನನ್ನ ಕಾವಲಿ, ನನ್ನ ಸೌಟು, ನನ್ನ ತುಪ್ಪದ ಡಬ್ಬಿ ಎಲ್ಲದಕ್ಕೂ ಹಸಿರು ದಾರ. ಹಸಿರು ದಾರದ ತುಪ್ಪಕ್ಕೆ ಚಪಾತಿ ಮುಟ್ಟಿದ ಚಮಚ ಬಿದ್ರೆ ಮನೆಯಲ್ಲಿ ಮಹಾಭಾರತ. ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ಇಸ್ಕೊಂಡು ಕಣ್ಣಿಗೊತ್ತಿ, ಪಕ್ಕದಲ್ಲಿದ್ದ ಮಗಳ ಕೈಗೆ ದಾಟಿಸಿ, ನಲ್ಲಿ ಹುಡುಕ್ಕೊಂಡು ಹೋದ ಪಾಪಿ ನಾನು.

ಅವತ್ತು ರಾತ್ರಿ ಬಾಗಿಲಲ್ಲಿ ನಿಂತು ‘ಆ ಕೈಯಲ್ಲಿ ಈ ಡಬ್ಬಿ ಮುಟ್ಟಬೇಡ, ಮೊದಲು ತೊಳ್ಕೋ’ ಅಂದೆ. ಮಗಳು ತಲೆ ಎತ್ತದೆ ಅಂದಳು: ‘ಅಪ್ಪ, ನೀನು ಥೇಟ್ ಮುತ್ತಜ್ಜಿ.’ ಅವಳು ನಮ್ಮಜ್ಜಿಯನ್ನ ನೋಡೇ ಇಲ್ಲ. ಹಾಸ್ಟೆಲಿನಲ್ಲಿ ನೀನು ಟವೆಲ್ ಸೆರಗು ಹೊದ್ದು ‘ಮುಸುರೆ, ಮುಸುರೆ!’ ಅಂತ ಕೂಗ್ತಿದ್ದ ಕಥೆ ಮಾತ್ರ ಕೇಳಿದ್ದಾಳೆ.

ಇಲ್ಲೀವರೆಗೆ ತಮಾಷೆ. ಇಲ್ಲಿಗೇ ನಿಲ್ಲಿಸೋಣ ಅಂತಿದ್ದೆ.

ಹೋದ ತಿಂಗಳು ನಿಮ್ಮನೆಗೆ ಬಂದಿದ್ನಲ್ಲ. ನಾನು ಚೀಲದಲ್ಲಿ ಅವಲಕ್ಕಿ ಇಟ್ಕೊಂಡೇ ಬಂದಿದ್ದೆ, ಯಾರಿಗೂ ತೊಂದರೆ ಬೇಡ ಅಂತ. ನಿಮ್ಮವ್ವ ಅಟ್ಟದಿಂದ ಬೀಸೋ ಕಲ್ಲು ಇಳಿಸಿದ್ರು. ರಾಗಿ ಬಿಟ್ಟು ಬೇರೇನೂ ಕಾಣದ ಕಲ್ಲು. ಆ ವಯಸ್ಸಲ್ಲಿ ಗೂಟ ಹಿಡಿದು ಕೂತು ಬೀಸಿದ್ರು; ಹೊಸ ಮುದ್ದೆ ಕೋಲು ಬೇರೆ ತರಿಸಿದ್ರು. ಬಸ್ಸಾರಿನ ಪಕ್ಕ ಒಂದು ಹೊಸ ಸ್ಟೀಲ್ ತಟ್ಟೆ, ಅಂಚಿನಲ್ಲಿ ನನ್ನ ಹೆಸರು ಕೆತ್ತಿಸಿತ್ತು. ‘ನಿನ್ ತಟ್ಟೆ ಬ್ಯಾರೆ ಮಡಗಿವ್ನಿ ಕಣಪ್ಪ, ಯಾರೂ ಮುಟ್ಟಿಲ್ಲ’ ಅಂದ್ರು.

ಮುದ್ದೆ ಗಂಟಲಲ್ಲಿ ಇಳೀಲಿಲ್ಲ. ಖಾರ ಅಂದೆ. ಖಾರ ಇರಲಿಲ್ಲ.

1998ರ ಏಪ್ರಿಲ್. ಶಾರ್ಜಾದಲ್ಲಿ ಮರಳು ಬಿರುಗಾಳಿ ಎದ್ದ ಮ್ಯಾಚು. ನೀನು ನಮ್ಮನೆಗೆ ಬಂದಿದ್ದೆ. ನಿನಗೆ ಕಾಫಿ ಬಂದಿದ್ದು ಹಿತ್ತಲ ಕಿಟಕಿಯಲ್ಲಿ ಕವುಚಿಟ್ಟಿರ್ತಿದ್ದ ಲೋಟದಲ್ಲಿ. ಕುಡಿದೆ, ಎದ್ದೆ, ಹಿತ್ತಲ ನಲ್ಲಿಯಲ್ಲಿ ತೊಳೆದೆ, ಅದೇ ಕಿಟಕಿಯಲ್ಲಿ ಕವುಚಿಟ್ಟು ಬಂದೆ. ನಾನು ನೋಡ್ತಿದ್ದೆ. ನೀನು ‘ಸಚಿನ್ ಇದಾನಾ’ ಅಂದೆ, ನಾನು ‘ಇದಾನೆ’ ಅಂದೆ. ಎಲ್ಲಿ ತೊಳೆಯಬೇಕು, ಎಲ್ಲಿ ಇಡಬೇಕು ಅಂತ ನಮ್ಮನೇಲಿ ಯಾರೂ ನಿನಗೆ ಹೇಳಿರಲಿಲ್ಲ. ನಿನಗೆ ಹೇಗೆ ಗೊತ್ತಿತ್ತು ಅಂತ ನಾನು ಇವತ್ತಿನವರೆಗೆ ಕೇಳಿಲ್ಲ.

ಹತ್ತೊಂಬತ್ತು ವಯಸ್ಸು, ಅಜ್ಜಿ ಎದುರು ಬಾಯಿ ಬಿಡೋ ಹಾಗಿರಲಿಲ್ಲ ಅಂತ ನನಗೆ ನಾನೇ ಹೇಳ್ಕೊಂಡು ಬಂದಿದ್ದೀನಿ. ಶುದ್ಧ ಸುಳ್ಳು. ಅದೇ ಅಜ್ಜಿ ಹತ್ರ ಉದ್ದ ಕೂದಲಿಗೆ ಜಗಳ ಆಡಿದ್ದೆ, ಆಮ್ಲೆಟ್ಟಿಗೆ ಆಡಿದ್ದೆ. ನನ್ನ ವಿಷಯಕ್ಕೆ ಬಾಯಿ ಇತ್ತು.

ನನ್ನ ಬೇರೆ ತಟ್ಟೆಗೆ ಬಯಾಪ್ಸಿ ರಿಪೋರ್ಟ್ ಇದೆ. ನಿನ್ನ ಬೇರೆ ಲೋಟಕ್ಕೆ ಯಾವ ರಿಪೋರ್ಟ್ ಇತ್ತು? ಎರಡೂ ಒಂದೇ ಅಂತ ಹೇಳ್ತಿಲ್ಲ, ಹಾಗೆ ಹೇಳಿದ್ರೆ ನಿನ್ನ ಕೈಲಿ ಒದೆ ತಿನ್ನಬೇಕು. ಊಟ ಆದ ಮೇಲೆ ನನ್ನ ತಟ್ಟೆ ನಾನೇ ತೊಳೆಯೋಕೆ ಎದ್ದಾಗ ನೀನು ಕಿತ್ಕೊಂಡು ‘ಕೂತ್ಕೊಳಲೇ ಸಾಕು’ ಅಂದ್ಯಲ್ಲ, ನಿನಗೂ ಆ ಕಿಟಕಿ ನೆನಪಾಯ್ತಾ? ಆಗಿದ್ರೂ ಹೇಳಬೇಡ. ಅಥವಾ ಹೇಳು. ಗೊತ್ತಿಲ್ಲ ಕಣೋ.

ಸಾಕು, ಬರೀತಾ ಬರೀತಾ ಜಾಸ್ತಿ ಆಯ್ತು. ಓದ್ತಿರೋರು ನನ್ನನ್ನ ದೊಡ್ಡ ಮನುಷ್ಯ ಅಂದ್ಕೊಂಡಾರು, ಅದಕ್ಕೆ ಈ ಸಾಕ್ಷಿ: ನಿಮ್ಮೂರಿಂದ ವಾಪಸ್ ಬರುವಾಗ ಬಸ್ಸಲ್ಲಿ ಪಕ್ಕದೋನು ಬನ್ ಪೊಟ್ಟಣ ಬಿಚ್ಚಿದ. ನಾನು ಎದ್ದು ಹಿಂದಿನ ಸೀಟಿಗೆ ಹೋದೆ. ಅವನು ತನ್ನ ಬಗಲು ಮೂಸಿ ನೋಡ್ಕೊಂಡ, ಪಾಪ.

ಯುಗಾದಿಗೆ ಅಕ್ಕಿ ಹಿಟ್ಟಿನ ಕಣಕದಲ್ಲಿ ಒಬ್ಬಟ್ಟು ಮಾಡಿದ್ವಿ. ಹೂರಣ ಒಂದು ಕಡೆ, ಕಣಕ ಒಂದು ಕಡೆ, ನಾನೊಂದು ಕಡೆ. ಚಮಚದಲ್ಲಿ ತಿಂದೆ. ಹಸಿರು ದಾರದ ಚಮಚ.

ಅವ್ವನಿಗೆ ಬಸ್ಸಾರು ಚೆನ್ನಾಗಿತ್ತು ಅಂತ ಹೇಳು. ಖಾರ ಇರಲಿಲ್ಲ ಅಂತಾನೂ.

ಇಂತಿ,
ಮಡಿ ಮುದುಕಿ

ವಿ.ಸೂ.: ಬಾಳೆಗೊನೆ ವಿಷಯದಲ್ಲಿ ತಪ್ಪು ನಂದೂ ಅಲ್ಲ, ನಿಂದೂ ಅಲ್ಲ, ಕಂಡಕ್ಟರಂದು. ಕಾಮೆಂಟಿನಲ್ಲಿ ಬಂದು ಶುರು ಮಾಡಬೇಡ.