ಸೋರಿಕೆ ಅಳೆದುಕೊಟ್ಟ ಅಣ್ಣನಿಗೆ

ಕರೆಂಟಿಗೆ ತಕ್ಕಂತೆ ಸಿಲಿಂಡರಿಗೆ ಎಣ್ಣೆ ಹರಿಸುವ ಸರ್ವೋ ವಾಲ್ವಿನ ಕಂಪ್ಯೂಟರ್ ಮಾಡೆಲ್ ಕೊನೆಗೂ ಟೆಸ್ಟ್ ಬೆಂಚಿನ ಗ್ರಾಫಿಗೆ ಹೊಂದಿಕೊಂಡಿತು. ಪರದೆಯ ವಾಲ್ವ್ ಬೆಂಚಿನ ನಿಜವಾದ ವಾಲ್ವಿನಂತೆಯೇ ನಡೆದುಕೊಳ್ಳಬೇಕು, ಅದೇ ಕೆಲಸ. ಯಾಕೆ ತಡ ಎಂಬುದು ಜೊತೆಗಿದ್ದ ನಿಮಗೆಲ್ಲ ಗೊತ್ತೇ ಇದೆ.

ಸ್ಟಿಫ್ ಸಾಲ್ವರ್ (ತೀರಾ ವೇಗದ ಮತ್ತು ನಿಧಾನದ ಬದಲಾವಣೆಗಳು ಒಟ್ಟಿಗಿರುವ ಸಮೀಕರಣಗಳನ್ನು ಬಿಡಿಸುವ ಪ್ರೋಗ್ರಾಂ) ಹಾಕಿಸಿದವರಿಗೆ, ಒತ್ತಡದ ವ್ಯತ್ಯಾಸ ಸೊನ್ನೆಗೆ ಬಂದಾಗ ಹರಿವಿನ ಸೂತ್ರದಲ್ಲಿನ ವರ್ಗಮೂಲದ ಇಳಿಜಾರು ಅನಂತವಾಗುವ ಕಡೆ ಲ್ಯಾಮಿನಾರ್ (ಪದರಪದರವಾದ ನಯ ಹರಿವಿನ) ಸೂತ್ರ ಸೇರಿಸಿದವರಿಗೆ, ಎಣ್ಣೆಯೊಳಗಿನ ಗಾಳಿಯನ್ನು ಲೆಕ್ಕಕ್ಕೆ ಹಿಡಿದು ಬಲ್ಕ್ ಮಾಡ್ಯುಲಸ್ (ಒತ್ತಿದರೆ ಎಣ್ಣೆ ಕುಗ್ಗದಿರುವ ಗುಣದ ಅಳತೆ) ಇಳಿಸಿದವರಿಗೆ, ಎಲ್ಲರಿಗೂ ವಂದನೆ.

ಬೆಂಚ್ ನೋಡಿಕೊಳ್ಳುವ ಅಣ್ಣನಿಗೆ ಮಾತ್ರ ಒಂದು ಸಾಲು ಸಾಲದು.

ಆ ರಾತ್ರಿ ಸ್ಪೂಲ್ (ವಾಲ್ವಿನೊಳಗೆ ಸರಿದಾಡಿ ದಾರಿ ತೆರೆದು ಮುಚ್ಚುವ ಕಡ್ಡಿ) ನಲ್ ಸ್ಥಾನಕ್ಕೆ, ಅಂದರೆ ಯಾವ ಕಡೆಗೂ ತೆರೆಯದ ನಡುವಿಗೆ, ಬಂದಾಗಲೆಲ್ಲ ಪರದೆಯ ಸಿಲಿಂಡರ್ ನಡುಗುತ್ತಿತ್ತು, ಬೆಂಚಿನದು ತೆಪ್ಪಗಿತ್ತು. ಲೆಕ್ಕದ ಸಮಯದ ಸ್ಟೆಪ್ ಎಷ್ಟು ಕಿರಿದಾಗಿಸಿದರೂ ಅದೇ ಪಾಡು. ಅಣ್ಣ ಸಮೀಕರಣದ ಗೋಜಿಗೇ ಹೋಗಲಿಲ್ಲ. "ನಿಮ್ಮ ವಾಲ್ವ್ ಸೋರೋದೇ ಇಲ್ಲವಲ್ಲ ಸಾರ್, ಅಂಥದ್ದು ನಾನು ಕಂಡಿಲ್ಲ" ಎಂದರು.

ಸಿಲಿಂಡರಿಗೆ ಹೋಗುವ ಎ, ಬಿ ಪೋರ್ಟ್‌ಗಳಿಗೆ ಪ್ಲಗ್ ಹಾಕಿ, ಎಣ್ಣೆ 40 ಡಿಗ್ರಿಗೆ ಬರುವವರೆಗೆ ಕಾದು, ಕರೆಂಟನ್ನು ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನವಾಗಿ ಒಯ್ದರು. ಎಣ್ಣೆ ವಾಪಸಾಗುವ ಟ್ಯಾಂಕ್ ಲೈನಿನ ಹರಿವು ನಲ್‌ನಲ್ಲಿ ಏರಿ ಎರಡೂ ಕಡೆ ಇಳಿಯಿತು. ತುದಿಗಳಲ್ಲಿ ಉಳಿಯುವುದು ಬಹುಪಾಲು, ಸ್ಪೂಲನ್ನು ಸರಿಸುವ ಪೈಲಟ್ ಹಂತದ ಹರಿವು. ಅದನ್ನು ಕಳೆಯದಿದ್ದರೆ ಸ್ಪೂಲಿನ ಸೋರಿಕೆ ಹೆಚ್ಚಾಗಿ ತೋರುತ್ತದೆ. ಆಮೇಲೆ ಸ್ಪೂಲನ್ನು ನಲ್‌ನಲ್ಲೇ ಇಟ್ಟು ಪಂಪಿನ ಒತ್ತಡ ಬದಲಿಸುತ್ತ ಮತ್ತೆ ಅಳೆದರು. ಆ ರೇಖೆಯ ಇಳಿಜಾರೇ ನಮಗೆ ಬೇಕಿದ್ದ ಹರಿವು-ಒತ್ತಡ ಗುಣಾಂಕ, ಅಂದರೆ ಒತ್ತಡ ಬದಲಾದಾಗ ಹರಿವು ಎಷ್ಟು ಬದಲಾಗುತ್ತದೆ ಎಂಬ ಅಳತೆ.

ಪೋರ್ಟಿನ ಅಂಚಿಗೆ ಸರಿಯಾಗಿ ಅಂಚು ಕೂತ, ಸೋರದ ಸ್ಪೂಲಿನಲ್ಲಿ ಈ ಗುಣಾಂಕ ನಲ್‌ನಲ್ಲಿ ಸೊನ್ನೆ. ಅಂದಮೇಲೆ ಡ್ಯಾಂಪಿಂಗೂ, ಅಂದರೆ ನಡುಕ ತಣಿಸುವ ಗುಣವೂ, ಅಷ್ಟಕ್ಕಷ್ಟೇ. ನಿಜವಾದ ಸ್ಪೂಲಿನ ಸುತ್ತ ಕೆಲವೇ ಮೈಕ್ರಾನ್ ಸಂದಿ ಇರುತ್ತದೆ. ಗುಣಾಂಕ ಆ ಸಂದಿಯ ವರ್ಗದಂತೆ ಏರುತ್ತದೆ, ಎಣ್ಣೆಯ ಸ್ನಿಗ್ಧತೆ ಹೆಚ್ಚಿದಂತೆ ಇಳಿಯುತ್ತದೆ. ತಣ್ಣನೆಯ ಎಣ್ಣೆಯಲ್ಲಿ ಅಳೆದಿದ್ದರೆ ಕಡಿಮೆ ಸಿಗುತ್ತಿತ್ತು. ನಷ್ಟದ ಲೆಕ್ಕಕ್ಕೆ ಸೇರಿಸುವ ಸೋರಿಕೆಯೇ ಸಿಲಿಂಡರನ್ನು ಸುಮ್ಮನಿರಿಸಿತ್ತು. ಸೀಲಿನ ಘರ್ಷಣೆಯ ಪಾಲೂ ಇದೆ, ನಿಜ. ಅಳೆಯದೆ ಅದನ್ನು ಬೇಕಾದಷ್ಟು ತುಂಬಿ ಗ್ರಾಫ್ ಹೊಂದಿಸುವುದು ಮಾತ್ರ ಶುದ್ಧ ಮೋಸ.

ಅಣ್ಣ, ಆ ಹೊತ್ತಿಗೆ ನನಗೆ ಸಾಕಾಗಿಹೋಗಿತ್ತು. ಎಲ್ಲ ಬಿಟ್ಟು ಎದ್ದುಹೋಗುವವನಿದ್ದೆ. ನಿಮ್ಮ ಪಾಳಿ ಮುಗಿದಿತ್ತು, ಆದರೂ ನೀವು ಪಂಪ್ ನಿಲ್ಲಿಸಲಿಲ್ಲ. ಅದನ್ನು ಹೇಗೆ ತೀರಿಸುವುದೋ ಗೊತ್ತಿಲ್ಲ.

ನಲ್ ಸುತ್ತಲಿನ ಭಾಗ ಈಗ ಸರಿಯಿದೆ. ±100% ಸಂಕೇತದ ಬೋಡೆ ಗ್ರಾಫ್ (ಸಂಕೇತದ ಆವರ್ತನ ಏರಿದಂತೆ ವಾಲ್ವ್ ಎಷ್ಟು ಹಿಂದೆ ಬೀಳುತ್ತದೆ ಎಂದು ತೋರಿಸುವುದು) ಬಾಕಿ. ಅಲ್ಲಿ ಪೈಲಟ್ ಹರಿವಿನ ಮಿತಿಯೇ ಸ್ಪೂಲಿನ ವೇಗವನ್ನು ತಡೆಯುವುದರಿಂದ ಎರಡನೇ ದರ್ಜೆಯ ರೇಖೀಯ ಮಾಡೆಲ್ ನಡೆಯುವುದಿಲ್ಲ. ಬೆಂಚ್ ಯಾವಾಗ ಖಾಲಿ ಇರುತ್ತದೆ, ಅಣ್ಣಾ?