ಭಾನುವಾರದ ಹೆಬ್ರಿ ಸರ್ವೆ: ಬರುವವರು ಓದಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಕಾಡುಪ್ರಾಣಿಗಳಿಂದ ಕಾಡಂಚಿನ ಮನೆಯವರಿಗೆ ಆಗುವ ಖರ್ಚಿನ ಲೆಕ್ಕ ಕೇಳುವ ಸರ್ವೆ ಇದು. ಭಾನುವಾರ ಬೆಳಿಗ್ಗೆ 7ಕ್ಕೆ ಉಡುಪಿ ಸಿಟಿ ಬಸ್‌ಸ್ಟ್ಯಾಂಡಿನಲ್ಲಿ ಸೇರೋಣ. ಪ್ರತಿ ತಂಡದಲ್ಲಿ ತುಳು ಬರುವವರು ಒಬ್ಬರಾದರೂ ಇರಲಿ.

ವನ್ಯಜೀವಿ ಕೆಲಸ ಅಂದರೆ ಕ್ಯಾಮೆರಾ ಹಿಡಿದು ಹುಲಿ ಹುಡುಕುವುದು ಅಂದುಕೊಂಡವರಿಗೆ ನಿರಾಸೆ ಆಗಬಹುದು. ಅರ್ಥಶಾಸ್ತ್ರದವರ ಕೆಲಸ ಜಗಲಿಯಲ್ಲಿ ಕುಳಿತು ಲೆಕ್ಕ ಕೇಳುವುದು! ಹೆಬ್ರಿ ಹತ್ತಿರದ ಸೋಮೇಶ್ವರ ಅಭಯಾರಣ್ಯ ಉಳಿದರೆ ಸೀತಾನದಿಯ ನೀರು ಕೆಳಗಿನ ಊರುಗಳಿಗೆಲ್ಲ ಸಿಗುತ್ತದೆ. ಮಂಗ, ಕಾಡುಹಂದಿ, ಕಾಡುಕೋಣದ ಖರ್ಚು ಮಾತ್ರ ಕಾಡಂಚಿನ ಮನೆಯವರದ್ದು. ಆ ಖರ್ಚು ಎಷ್ಟು ಅನ್ನುವುದೇ ನಮ್ಮ ಪ್ರಶ್ನೆ.

"ಎಷ್ಟು ನಷ್ಟ ಆಯ್ತು?" ಅಂತ ಸುಮ್ನೆ ಕೇಳಬೇಡಿ. ಪರಿಹಾರ ಕೊಡಿಸಲು ಬಂದವರು ಅಂದುಕೊಂಡರೆ ಲೆಕ್ಕ ಜಾಸ್ತಿಯೇ ಬರುತ್ತದೆ, ಸಹಜ ಅಲ್ವಾ? ನಾವು ಅರಣ್ಯ ಇಲಾಖೆಯವರಲ್ಲ ಅಂತ ಮೊದಲೇ ಹೇಳಿ. ಆಮೇಲೆ ಮಂಗ ಕೆಡವಿದ ಬೊಂಡ (ಎಳನೀರು), ಬೇಲಿಯ ಖರ್ಚು, ರಾತ್ರಿ ಕಾವಲು ಯಾರದು ಎಂದು ಒಂದೊಂದಾಗಿ ಕೇಳಿ. ಪರಿಹಾರಕ್ಕೆ ಅರ್ಜಿ ಹಾಕಿದ್ದರೆ ಓಡಾಟದಲ್ಲಿ ಹೋದ ಕೂಲಿಯನ್ನೂ ಬರೆದುಕೊಳ್ಳಿ.

ಹಡಿಲು ಬಿಟ್ಟ (ಬೇಸಾಯ ಮಾಡದೆ ಪಾಳು ಬಿಟ್ಟ) ಗದ್ದೆಯನ್ನು ಮರೆಯಲೇಬೇಡಿ. ಪ್ರಾಣಿಗಳ ಕಾಟಕ್ಕೆ ಬೇಸತ್ತು ಬಿತ್ತದೇ ಬಿಟ್ಟರೆ ಬೆಳೆಯೇ ಇಲ್ಲ, ಹಾಗಾಗಿ ಬೆಳೆನಷ್ಟವೂ ದಾಖಲಾಗುವುದಿಲ್ಲ. ಕಾಗದದಲ್ಲಿ ನೋಡಿದರೆ ಆ ಊರಿನಲ್ಲಿ ಸಮಸ್ಯೆ ಕಡಿಮೆಯಾದ ಹಾಗೆ ಕಾಣುತ್ತದೆ! ಆದರೆ ಕೂಲಿಯಾಳು ಸಿಗದೆ ಹಡಿಲು ಬಿಟ್ಟವರೂ ಇದ್ದಾರೆ, ಕಾರಣ ಕೇಳಿಯೇ ಬರೆಯಿರಿ.

ಕೇಳದೆ ಯಾರ ಫೋಟೋವನ್ನೂ ತೆಗೆಯಬೇಡಿ. ಉಂಬಳ (ಜಿಗಣೆ) ಇರುತ್ತದೆ, ಬಿಡಿಸಲು ಸುಣ್ಣ ತನ್ನಿ. ಊಟದ ಲೆಕ್ಕಕ್ಕೆ ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ.